ಹುಳುವಿನ ಆಯುಷ್ಯವೂ ಸ್ಟಿರಾಯ್ಡ್ ಮಾತ್ರೆಯೂ

ಪ್ರಶ್ನೆ: ಸ್ಟಿರಾಯ್ಡ್ ಹಾರ್ಮೋನು ಹುಳುಗಳ ಬೆಳವಣಿಗೆಯನ್ನೂ ಆಯುಷ್ಯವನ್ನೂ ನಿರ್ಧರಿಸುತ್ತದೆಂಬುದು ನಿಜವೆ? ಹಾಗಿದ್ದರೆ ಆಸ್ತಮಾಕ್ಕಾಗಿ ಸ್ಟಿರಾಯ್ಡ್ ಮಾತ್ರೆ ಸೇವಿಸುವವರ ಆಯುಷ್ಯವೂ ಅದರಿಂದ ಬದಲಾಗುವುದೆ?
– ಓದುಗರು, ಡೊಂಬಿವಲಿ

ಉತ್ತರ: ಹುಳುವಿನ ಮಟ್ಟಿಗೆ ಇದು ನಿಜ. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರಕೋಶಗಳೊಳಗಿನ ಸಾಗಣೆಯ ಅಧ್ಯಯನಕ್ಕೆ ಬಳಸಲಾಗುವ ಸೀನೋರ್ಯಾಬ್ಡೈಟಿಸ್ ಎಲೆಗಾನ್ಸ್, ಸುಮಾರು 1 ಮಿಲಿಮೀಟರ್ ಉದ್ದದ, ಮನುಷ್ಯನಿಗೆ ರೋಗ ತಾರದ ದುಂಡುಹುಳು. ಎರಡು-ಮೂರು ವಾರವಷ್ಟೇ ಬದುಕುವ ಈ ಹುಳು ಕೊಲೆಸ್ಟರಾಲನ್ನು ಸ್ವತಃ ತಯಾರಿಸಲಾರದು. ಆಹಾರದಿಂದ ಪಡೆದ ಕೊಲೆಸ್ಟರಾಲನ್ನು ಡಾಫ್-36, ಡಾಫ್-9 ಮುಂತಾದ ಕಿಣ್ವಗಳ ಮೂಲಕ ಡಾಫಾಕ್ರೋನಿಕ್ ಆಮ್ಲವೆಂಬ ಸ್ಟಿರಾಯ್ಡ್ ಹಾರ್ಮೋನಾಗಿ ಮಾರ್ಪಡಿಸಿಕೊಳ್ಳುತ್ತದೆ. 2006ರಲ್ಲಿ ಗುರುತಿಸಲಾದ ಈ ಹಾರ್ಮೋನು ಡಾಫ್-12 ಎಂಬ ಗ್ರಾಹಕಕ್ಕೆ, ಅಂದರೆ ವಂಶವಾಹಿಗಳ ಕೆಲಸವನ್ನು ನಿಯಂತ್ರಿಸುವ ಪ್ರೋಟೀನಿಗೆ, ಅಂಟಿಕೊಂಡಾಗ ಮರಿಹುಳು ಬೆಳೆದು ಸಂತಾನೋತ್ಪತ್ತಿಗೆ ಸಿದ್ಧವಾಗುತ್ತದೆ. ಆಹಾರ ಕಡಿಮೆಯಾಗಿ, ಹುಳುಗಳ ದಟ್ಟಣೆಯೂ ತಾಪವೂ ಹೆಚ್ಚಿದರೆ ಹಾರ್ಮೋನಿನ ಉತ್ಪಾದನೆ ಕುಗ್ಗಿ, ಮರಿಹುಳು ಬಾಯಿ ಮುಚ್ಚಿಕೊಂಡು ‘ಡಾವರ್’ ಎಂಬ ಬೆಳವಣಿಗೆ ತಡೆಹಿಡಿದ ಸ್ಥಿತಿಗೆ ಹೋಗಿ, ತಿಂಗಳುಗಟ್ಟಲೆ ಉಣ್ಣದೆ ಉಳಿಯಬಲ್ಲದು.

ಆದರೆ ಹಾರ್ಮೋನು ಕಡಿಮೆಯಾದರೆ ಆಯುಷ್ಯ ಹೆಚ್ಚುತ್ತದೆ ಎಂಬ ಸರಳ ಸೂತ್ರ ಇಲ್ಲಿ ಸಲ್ಲದು. ಸಂತಾನಕೋಶಗಳ ಮೂಲಕೋಶಗಳನ್ನು ಲೇಸರ್‌ನಿಂದ ನಾಶಪಡಿಸಿದಾಗ ಪ್ರೌಢ ಹುಳುವಿನ ಆಯುಷ್ಯ ಸುಮಾರು ಶೇಕಡಾ 60ರಷ್ಟು ಹೆಚ್ಚುತ್ತದೆಯಾದರೂ, ಆ ಹೆಚ್ಚಳಕ್ಕೆ ಇದೇ ಹಾರ್ಮೋನೂ ಡಾಫ್-12 ಗ್ರಾಹಕವೂ ಅಗತ್ಯ. ಹೀಗೆ ಒಂದೇ ಹಾರ್ಮೋನು ಹುಳುವಿನ ವಯಸ್ಸು ಮತ್ತು ದೇಹಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಪರಿಣಾಮಗಳನ್ನುಂಟುಮಾಡುತ್ತದೆ.

ಮನುಷ್ಯನಲ್ಲಿ ಡಾವರ್ ಸ್ಥಿತಿಯಿಲ್ಲ; ಆಸ್ತಮಾಕ್ಕೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮತ್ತೊಂದು ಗ್ರಾಹಕದ ಮೂಲಕ ಉರಿಯೂತವನ್ನು ತಗ್ಗಿಸುತ್ತದೆ. ಆದ್ದರಿಂದ ಹುಳುವಿನ ಪ್ರಯೋಗವನ್ನು ನಂಬಿ ಮಾತ್ರೆಯನ್ನು ಹೆಚ್ಚಿಸುವುದಾಗಲಿ ಬಿಡುವುದಾಗಲಿ ಸರಿಯಲ್ಲ. ದೀರ್ಘಕಾಲ ಸೇವಿಸಿದವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಸ್ವಂತ ಕಾರ್ಟಿಸಾಲ್ ಹಾರ್ಮೋನಿನ ಉತ್ಪಾದನೆ ಕುಗ್ಗಿರುವುದರಿಂದ, ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಸ್ಟಿರಾಯ್ಡ್ ಸೇವಿಸುವವರು ನಿಜವಾಗಿ ಎಚ್ಚರವಹಿಸಬೇಕಾದ ಹುಳು ಬೇರೆಯೇ ಇದೆ. ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ದೇಹ ಸೇರುವ ಸ್ಟ್ರಾಂಜಿಲಾಯ್ಡಿಸ್, ಲಕ್ಷಣ ತೋರದೆ ದಶಕಗಳ ಕಾಲ ಕರುಳಿನಲ್ಲಿ ಉಳಿಯಬಲ್ಲದು. ಸ್ಟಿರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಅದು ವೃದ್ಧಿಸಿ, ಶ್ವಾಸಕೋಶ ಮತ್ತಿತರ ಅಂಗಗಳಿಗೆ ಹರಡಿ ಮಾರಕವಾಗಬಹುದು. ಊರಿನ ಗದ್ದೆ-ತೋಟಗಳಲ್ಲಿ ಬರಿಗಾಲಲ್ಲಿ ದುಡಿದು, ಬಳಿಕ ಮುಂಬಯಿಗೆ ಬಂದು ನೆಲೆಸಿದವರು ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಆರಂಭಿಸುವ ಮುನ್ನ ಈ ವಿವರವನ್ನು ವೈದ್ಯರಿಗೆ ತಿಳಿಸಬೇಕು. ಒಂದು ಸಲದ ಮಲಪರೀಕ್ಷೆಯಲ್ಲಿ ಸೋಂಕು ಕಾಣದೆ ಹೋಗಬಹುದಾದ ಕಾರಣ ಅಗತ್ಯವಿದ್ದರೆ ಅದನ್ನು ಪುನರಾವರ್ತಿಸಿ, ರಕ್ತಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ; ಸೋಂಕು ದೃಢಪಟ್ಟರೆ ವೈದ್ಯರ ಸಲಹೆಯಂತೆ ಐವರ್‌ಮೆಕ್ಟಿನ್ ಚಿಕಿತ್ಸೆ ಪಡೆಯಬಹುದು.