ಕಾಯಿದೆಯ ಚತುಸ್ಸೀಮೆ: 1879ರ ಎರಡು ಶಾಸನಗಳಲ್ಲಿ ಇಂಡಿ ಸೀಮೆಯ ರೈತ

1. ಪ್ರವೇಶ

ಕನ್ನಡದಲ್ಲಿ ‘ಶಾಸನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೊರೆದ ಬರಹ ಒಂದು; ಶಾಸನಸಭೆ ಅಂಗೀಕರಿಸಿದ ಕಾಯಿದೆ ಮತ್ತೊಂದು. ಮೊದಲನೆಯದನ್ನು ಓದುವ ಶಿಸ್ತನ್ನು ಕನ್ನಡ ಸಂಶೋಧನೆ ನೂರು ವರ್ಷಗಳಿಗೂ ಮಿಗಿಲಾಗಿ ಬೆಳೆಸಿಕೊಂಡು ಬಂದಿದೆ. ದಾನಶಾಸನವೊಂದು ದೊರೆತರೆ ದಾನ ಕೊಟ್ಟವರಾರು, ಪಡೆದವರಾರು, ದಾನಭೂಮಿಯ ಚತುಸ್ಸೀಮೆ ಯಾವುದು, ಸಾಕ್ಷಿಗಳಾರು, ಶಾಪಾಶಯ ಹೇಗಿದೆ ಎಂದು ನಾವು ಸಾಲು ಸಾಲಾಗಿ ಪರಿಶೀಲಿಸುತ್ತೇವೆ. ಎರಡನೆಯ ಬಗೆಯ ಶಾಸನವನ್ನು ಮಾತ್ರ ಕಾನೂನು ವಿದ್ಯಾರ್ಥಿಗಳಿಗೆ, ಇತಿಹಾಸಕಾರರಿಗೆ ಬಿಟ್ಟುಕೊಟ್ಟಿದ್ದೇವೆ.

ಶಾಸನಸಭೆಗಳ ಬಗೆಗಿನ ಬರಹಗಳೂ ಸಾಮಾನ್ಯವಾಗಿ ಅಪರೂಪದ ಘಟನೆಗಳನ್ನೇ ಆಶ್ರಯಿಸುತ್ತವೆ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾದುದು, 1901ರಲ್ಲಿ ಮುಂಬಯಿ ಶಾಸನಸಭೆಯಿಂದ ಫಿರೋಜ್‌ಶಾ ಮೆಹತಾ, ಗೋಪಾಲಕೃಷ್ಣ ಗೋಖಲೆ ಮೊದಲಾದವರು ಭೂಕಂದಾಯ ತಿದ್ದುಪಡಿಯನ್ನು ವಿರೋಧಿಸಿ ಹೊರನಡೆದುದು ಇಂತಹ ಘಟನೆಗಳು. ಆದರೆ ಸಾಮಾನ್ಯ ರೈತನ ಬದುಕನ್ನು ಹೆಚ್ಚಾಗಿ ರೂಪಿಸಿದ್ದು ಸದ್ದುಗದ್ದಲವಿಲ್ಲದೆ ನಡೆದ ದೈನಂದಿನ ಶಾಸನ ಕಲಾಪ. ಮಸೂದೆಯ ಮಂಡನೆ, ಆಯ್ದ ಸಮಿತಿಯ ವರದಿ, ಖಂಡವಾರು ಪರಿಶೀಲನೆ, ಅಂಗೀಕಾರ, ಒಪ್ಪಿಗೆ ಎಂಬ ಈ ಕ್ರಮದಲ್ಲಿ ವ್ಯಾಪ್ತಿ ಮತ್ತು ವ್ಯಾಖ್ಯೆಗಳೆಂಬ ಎರಡು ಸಣ್ಣ ಭಾಗಗಳು ಏನನ್ನು ನಿರ್ಧರಿಸಿದವು ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಲಾಪದ ಸ್ವರೂಪ

1861ರ ಭಾರತೀಯ ಕೌನ್ಸಿಲುಗಳ ಕಾಯಿದೆಯಂತೆ ಗವರ್ನರ್ ಜನರಲ್ ಅವರ ಕಾರ್ಯಕಾರಿ ಮಂಡಳಿಗೆ ಶಾಸನ ರಚನೆಯ ಸಂದರ್ಭದಲ್ಲಿ 6ರಿಂದ 12 ಮಂದಿ ಹೆಚ್ಚುವರಿ ಸದಸ್ಯರು ಸೇರಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧದಷ್ಟಾದರೂ ಸರ್ಕಾರಿ ಸೇವೆಗೆ ಸೇರದವರಾಗಿರಬೇಕಿತ್ತು. ಆದರೆ ಎಲ್ಲರೂ ನಾಮಕರಣಗೊಂಡವರೇ. ಮುಂಬಯಿ ಪ್ರಾಂತದಲ್ಲಿಯೂ ಇದೇ ಮಾದರಿಯ ಚಿಕ್ಕ ಸಭೆಯೊಂದು 1862ರಿಂದ ಕಾರ್ಯ ನಿರ್ವಹಿಸತೊಡಗಿತು. ಸಭೆಯ ಮುಂದಿರುವ ಮಸೂದೆಯ ಹೊರತು ಬೇರೆ ಯಾವುದೇ ವಿಷಯವನ್ನು ಎತ್ತುವಂತಿರಲಿಲ್ಲ. ಪ್ರಶ್ನೆ ಕೇಳುವ ಹಕ್ಕಾಗಲಿ, ಆಯವ್ಯಯವನ್ನು ಚರ್ಚಿಸುವ ಹಕ್ಕಾಗಲಿ 1892ರ ಕಾಯಿದೆಯವರೆಗೆ ದೊರೆಯಲಿಲ್ಲ.

ಈ ನಿರ್ಬಂಧದ ಪರಿಣಾಮವನ್ನು ನಾವು ಸರಿಯಾಗಿ ಗ್ರಹಿಸಬೇಕು. ಮಸೂದೆಯಲ್ಲಿ ಹೆಸರಿಲ್ಲದ ಜಿಲ್ಲೆಯೊಂದರ ಕಷ್ಟವನ್ನು ಸಭೆಯ ಮುಂದಿಡಲು ಉಳಿದ ದಾರಿ ಒಂದೇ, ಮಸೂದೆಗೆ ತಿದ್ದುಪಡಿ ಸೂಚಿಸುವುದು. ಆ ಜಿಲ್ಲೆಯನ್ನು ಬಲ್ಲವರು ಸಭೆಯಲ್ಲಿ ಇಲ್ಲದಿದ್ದರೆ ಆ ದಾರಿಯೂ ಮುಚ್ಚಿದಂತೆಯೇ. ಸಭೆಯ ಭಾಷೆ ಇಂಗ್ಲಿಷ್. ಕೇಂದ್ರದ ಸಭೆ ಸೇರುತ್ತಿದ್ದುದು ಚಳಿಗಾಲದಲ್ಲಿ ಕಲ್ಕತ್ತೆಯಲ್ಲಿ, ಬೇಸಿಗೆಯಲ್ಲಿ ಸಿಮ್ಲಾದಲ್ಲಿ. ಭೀಮಾ ತೀರದ ಕನ್ನಡ ಮಾತಾಡುವ ಹಳ್ಳಿಗೂ ಈ ಸಭೆಗೂ ಇದ್ದ ಅಂತರ ಬರಿಯ ಹರದಾರಿಗಳ ಲೆಕ್ಕದ್ದಲ್ಲ.

3. ಬರ ಮತ್ತು ಗಲಭೆ

1864ರಲ್ಲಿ ರಚನೆಯಾದ ಕಲಾದಗಿ ಜಿಲ್ಲೆಗೆ ಈ ತಾಲ್ಲೂಕುಗಳು ಸೇರಿದ್ದವು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ವರ್ಗವಾಗಿ ಜಿಲ್ಲೆಗೂ ಅದೇ ಹೆಸರು ಬಂದಿತು. ಇಂಡಿ ತಾಲ್ಲೂಕಿನ ಉತ್ತರಕ್ಕೆ ಭೀಮಾ ನದಿ, ಅದರಾಚೆಗೆ ಸೊಲ್ಲಾಪುರ ಜಿಲ್ಲೆ. ಸಿಂದಗಿ, ಮುದ್ದೇಬಿಹಾಳಗಳ ಪೂರ್ವಕ್ಕೆ ಅಂದಿನ ನಿಜಾಮರ ಸೀಮೆ. ಕಲಾದಗಿ ಜಿಲ್ಲೆ ರಚನೆಯಾಗುವ ಮುನ್ನ ಉತ್ತರ ಭಾಗದ ಕೆಲವು ಪ್ರದೇಶಗಳು ಸೊಲ್ಲಾಪುರದ ಆಡಳಿತದಲ್ಲಿಯೇ ಇದ್ದವು. ಎರಡೂ ದಡಗಳಲ್ಲಿ ಮಳೆಯನ್ನೇ ನೆಚ್ಚಿದ ಎರೆಭೂಮಿಯ ಜೋಳದ ಬೇಸಾಯ. ಎರಡೂ ದಡಗಳಲ್ಲಿ ಬಿತ್ತನೆಗೆ, ಎತ್ತಿಗೆ, ಸರ್ಕಾರದ ಸಾರಾ ತುಂಬುವುದಕ್ಕೆ ಸಾವಕಾರನ ಸಾಲವೇ ಗತಿ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಸಾವಕಾರರ ಮೇಲೆ ತಿರುಗಿಬಿದ್ದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹರಡಿತು. ರೈತರ ಮುಖ್ಯ ಗುರಿ ಸಾವಕಾರನ ಮನೆಯಲ್ಲಿದ್ದ ಸಾಲಪತ್ರಗಳು. ಅವುಗಳನ್ನು ಕಸಿದು ಸುಟ್ಟರು. ತಮಗೆ ಓದಲು ಬಾರದ ಕಾಗದವೇ ತಮ್ಮ ಭೂಮಿಯನ್ನು ಕಸಿಯುತ್ತಿದೆ ಎಂಬ ತಿಳಿವಳಿಕೆ ಆ ಕೃತ್ಯದ ಹಿಂದಿತ್ತು. ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು.

ಅದರ ಬೆನ್ನಿಗೇ 1876–78ರ ಮಹಾಕ್ಷಾಮ ಬಂದೆರಗಿತು. ಕಲಾದಗಿ ಜಿಲ್ಲೆ ಈ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಜನ ಸತ್ತರು, ಊರು ಬಿಟ್ಟರು; 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ತೀವ್ರವಾಗಿ ಕುಸಿಯಿತು. ಕ್ಷಾಮದ ವಿಚಾರಣೆಗೂ ಆಯೋಗವೊಂದು ನೇಮಕಗೊಂಡಿತು. ಅದರ ವರದಿ 1880ರಲ್ಲಿ ಹೊರಬಂದಿತು. ಆದರೆ ಋಣದ ಕಾಯಿದೆಗೆ ಆಧಾರವಾದುದು ಗಲಭೆಯ ವರದಿ, ಕ್ಷಾಮದ ವರದಿಯಲ್ಲ. ಈ ವ್ಯತ್ಯಾಸವೇ ಮುಂದಿನ ಕಥೆಯನ್ನು ನಿರ್ಧರಿಸಿತು.

4. ಒಂದೇ ವರ್ಷದ ಎರಡು ಶಾಸನಗಳು

1879ರಲ್ಲಿ ಎರಡು ಸಭೆಗಳು ಎರಡು ಕಾಯಿದೆಗಳನ್ನು ಅಂಗೀಕರಿಸಿದವು. ಮುಂಬಯಿ ಸಭೆ ಅಂಗೀಕರಿಸಿದ್ದು ಭೂಕಂದಾಯ ಸಂಹಿತೆ, ಅಂದರೆ 1879ರ ಮುಂಬಯಿಯ 5ನೆಯ ಕಾಯಿದೆ. ಕೇಂದ್ರದ ಸಭೆ ಅಂಗೀಕರಿಸಿದ್ದು ದಖ್ಖನ್ ಕೃಷಿಕರ ಪರಿಹಾರ ಕಾಯಿದೆ, ಅಂದರೆ 1879ರ 17ನೆಯ ಕಾಯಿದೆ. ಎರಡನೆಯದು ಸಿವಿಲ್ ನ್ಯಾಯಾಲಯಗಳ ವಿಧಾನವನ್ನೇ ಬದಲಿಸುವಂಥದ್ದು. ಕೇಂದ್ರ ಸಭೆಯ ಇತ್ತೀಚಿನ ಕಾಯಿದೆಗಳನ್ನು ತಿದ್ದುವ ಅಧಿಕಾರ ಪ್ರಾಂತ ಸಭೆಗೆ ಇರಲಿಲ್ಲವಾದ್ದರಿಂದ ಅದು ಕೇಂದ್ರಕ್ಕೇ ಹೋಗಬೇಕಾಯಿತು. ಮುಂಬಯಿ ಸಿವಿಲ್ ಸೇವೆಯ ಟಿ. ಸಿ. ಹೋಪ್ ಜುಲೈ ತಿಂಗಳಲ್ಲಿ ಮಂಡಿಸಿದ ಈ ಮಸೂದೆ ಕಾಯಿದೆಯಾಗಿ ಅದೇ ವರ್ಷದ ನವೆಂಬರ್ 1ರಂದು ಜಾರಿಗೆ ಬಂದಿತು.

ಅದರ ತಿರುಳು ಹೀಗಿದೆ. ಕೃಷಿಕನ ಮೇಲೆ ಸಾಲದ ದಾವೆ ಬಂದಾಗ ನ್ಯಾಯಾಲಯ ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬಿ ತೀರ್ಪು ಕೊಡದೆ, ವ್ಯವಹಾರ ಆರಂಭವಾದಂದಿನಿಂದ ಅದರ ಪೂರ್ವಾಪರವನ್ನು ವಿಚಾರಿಸಬೇಕು. ಅಸಲು, ಬಡ್ಡಿಗಳ ಲೆಕ್ಕವನ್ನು ಬೇರೆ ಬೇರೆಯಾಗಿ ತೆಗೆದು ಸರಳ ಬಡ್ಡಿಯನ್ನಷ್ಟೇ ಹಿಡಿಯಬೇಕು. ಹಣದ ಡಿಕ್ರಿಗಾಗಿ ಕೃಷಿಕನನ್ನು ಬಂಧಿಸುವಂತಿಲ್ಲ. ನಿರ್ದಿಷ್ಟವಾಗಿ ಒತ್ತೆ ಇಡದ ಸ್ಥಿರಾಸ್ತಿಯನ್ನು ಜಪ್ತಿ ಮಾಡುವಂತಿಲ್ಲ. ಸಾಲಪತ್ರವನ್ನು ಗ್ರಾಮ ನೋಂದಣಿದಾರನು ತಾನೇ ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಬರೆಸಬೇಕು. ಹಣ ಸಂದಾಯವಾದಾಗ ಲಿಖಿತ ರಸೀದಿ ಕೊಡಬೇಕು. ಗಲಭೆಯಲ್ಲಿ ಸುಟ್ಟ ಕಾಗದಕ್ಕೆ ಶಾಸನಸಭೆ ಕೊಟ್ಟ ಉತ್ತರ ಇದು: ಕಾಗದವನ್ನು ಪ್ರಶ್ನಿಸುವ ಅಧಿಕಾರ ನ್ಯಾಯಾಧೀಶನಿಗೆ, ಕಾಗದವನ್ನು ಬರೆಸುವ ಹೊಣೆ ಸರ್ಕಾರಿ ಬರಹಗಾರನಿಗೆ.

ಇನ್ನು ಈ ಶಾಸನದ ಚತುಸ್ಸೀಮೆಯನ್ನು ನೋಡಬೇಕು. ಕೆಲವೇ ಕಲಮುಗಳು ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುತ್ತವೆ. ಉಳಿದ ಭಾಗವೆಲ್ಲ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಕಲಾದಗಿಯ ಹೆಸರು ಅಲ್ಲಿಲ್ಲ.

5. ‘ಕೃಷಿಕ’ ಎಂದರೆ ಯಾರು?

ವ್ಯಾಪ್ತಿಯ ಖಂಡಕ್ಕಿಂತಲೂ ಕುತೂಹಲಕರವಾದುದು ವ್ಯಾಖ್ಯೆಯ ಖಂಡ. ಈ ಕಾಯಿದೆಯಲ್ಲಿ ‘ಅಗ್ರಿಕಲ್ಚರಿಸ್ಟ್’ ಎಂದರೆ ಕೇವಲ ಬೇಸಾಯದಿಂದ ಬದುಕುವವನಲ್ಲ. ಕಾಯಿದೆ ಅನ್ವಯಿಸುವ ಜಿಲ್ಲೆಗಳ ಎಲ್ಲೆಯೊಳಗೆ ನಡೆಸುವ ಬೇಸಾಯದಿಂದ ಪೂರ್ಣವಾಗಿ ಇಲ್ಲವೆ ಮುಖ್ಯವಾಗಿ ಬದುಕುವವನು. ಭೂಗೋಳ ಇಲ್ಲಿ ವ್ಯಾಖ್ಯೆಯೊಳಕ್ಕೇ ಪ್ರವೇಶಿಸಿದೆ. ಭೀಮೆಯ ಉತ್ತರ ದಡದಲ್ಲಿ, ಸೊಲ್ಲಾಪುರ ಜಿಲ್ಲೆಯ ಹೊಲವನ್ನು ಉಳುವವನು ಕೃಷಿಕ. ದಕ್ಷಿಣ ದಡದಲ್ಲಿ, ಅದೇ ಬಗೆಯ ಎರೆಯಲ್ಲಿ ಅದೇ ಜೋಳವನ್ನು ಬಿತ್ತುವ ಇಂಡಿಯವನು ಈ ಕಾಯಿದೆಯ ಭಾಷೆಯಲ್ಲಿ ಕೃಷಿಕನೇ ಅಲ್ಲ.

ಇದರ ಫಲ ಸ್ಪಷ್ಟ. ಸಾವಕಾರ ತಂದ ಪತ್ರದ ಹಿಂದಿನ ಇತಿಹಾಸವನ್ನು ಕೆದಕಬೇಕೆಂಬ ಕಟ್ಟಳೆ ಈ ದಡದ ಮುನಸೀಫರಿಗೆ ಇರಲಿಲ್ಲ. 1877ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಹಣದ ಡಿಕ್ರಿಗಾಗಿ ಸಾಲಗಾರನನ್ನು ಗರಿಷ್ಠ ಆರು ತಿಂಗಳವರೆಗೆ ಸೆರೆಯಲ್ಲಿಡಲು ಇಲ್ಲಿ ಇನ್ನೂ ಅವಕಾಶವಿತ್ತು. ಆಚೆ ದಡದ ಕೃಷಿಕನಿಗೆ ಆ ಭಯ ತಪ್ಪಿತ್ತು. ಕ್ಷಾಮದಿಂದ ಬದುಕುಳಿದು ಮರಳಿ ಬೇಸಾಯ ಹೂಡಬೇಕಾದ ವರ್ಷಗಳಲ್ಲಿಯೇ ಈ ವ್ಯತ್ಯಾಸ ಉಂಟಾಯಿತೆಂಬುದು ಗಮನಾರ್ಹ.

ಹಾಗಾದರೆ ಇಂಡಿಯ ರೈತ ಶಾಸನಸಭೆಯ ಕಣ್ಣಿಗೆ ಕಾಣಿಸಲೇ ಇಲ್ಲವೆ? ಕಾಣಿಸಿದ್ದಾನೆ. ಅದೇ ವರ್ಷದ ಭೂಕಂದಾಯ ಸಂಹಿತೆ ಅವನನ್ನು ‘ಆಕ್ಯುಪಂಟ್’ ಎಂದು ಕರೆಯುತ್ತದೆ. ಅವನ ಹಿಡುವಳಿ ವಂಶಪಾರಂಪರ್ಯವಾಗಿ ಬರುವಂಥದ್ದು, ಪರಭಾರೆ ಮಾಡಬಹುದಾದದ್ದು. ಆದರೆ ಸಾರಾ ಬಾಕಿ ಉಳಿದರೆ ಸರ್ಕಾರಕ್ಕೆ ಜಪ್ತಾಗುವಂಥದ್ದು. ಪರಭಾರೆಯ ಈ ಹಕ್ಕೇ ಭೂಮಿಯನ್ನು ಸಾಲಕ್ಕೆ ಆಧಾರವಾಗಿಸಿತು. ಮುಂದೆ 1884ರ ಕೃಷಿಕರ ಸಾಲಗಳ ಕಾಯಿದೆ ಬೀಜ, ದನಕರು ಕೊಳ್ಳಲು ಸರ್ಕಾರ ಕೊಡುವ ತಗಾವಿಗೆ ದಾರಿ ಮಾಡಿತು. ಅದು ಸಾಗುವಳಿ ಭೂಮಿಯ ಒಡೆಯರನ್ನೂ ಹಿಡುವಳಿದಾರರನ್ನೂ ಒಳಗೊಂಡಿತು. ಬಾಕಿಯನ್ನು ಕಂದಾಯದಂತೆಯೇ ವಸೂಲು ಮಾಡಬಹುದಾಗಿತ್ತು. ಈ ಮೂರು ಶಾಸನಗಳನ್ನು ಒಟ್ಟಿಗೆ ಓದಿದಾಗ ಒಂದು ವಿನ್ಯಾಸ ಗೋಚರಿಸುತ್ತದೆ. ರೈತನಿಂದ ಸರ್ಕಾರಕ್ಕೆ ಸಲ್ಲಬೇಕಾದುದರ ಮಾತು ಬಂದಾಗ ಅವನನ್ನು ಗುರುತಿಸುವ ಪದದ ವ್ಯಾಪ್ತಿ ಹಿಗ್ಗುತ್ತದೆ. ಸಾವಕಾರನೆದುರು ಅವನಿಗೆ ರಕ್ಷಣೆ ಕೊಡುವ ಮಾತು ಬಂದಾಗ ಕುಗ್ಗುತ್ತದೆ.

ಇದನ್ನು ಉದ್ದೇಶಪೂರ್ವಕ ಅನ್ಯಾಯವೆಂದು ತೀರ್ಮಾನಿಸುವುದು ಅವಸರವಾದೀತು. ಸಿವಿಲ್ ನ್ಯಾಯದ ಸಾಮಾನ್ಯ ನಿಯಮಗಳನ್ನು ಮುರಿಯುವ ಕಾಯಿದೆಯನ್ನು ಮೊದಲು ಸೀಮಿತ ಪ್ರದೇಶದಲ್ಲಿ ಪ್ರಯೋಗಿಸಬೇಕೆಂಬುದು ಒಪ್ಪತಕ್ಕ ಎಚ್ಚರಿಕೆಯೇ. ರಕ್ಷಣೆ ಹೆಚ್ಚಿದಷ್ಟೂ ಸಾಲ ಸಿಗುವುದು ಕಷ್ಟವಾದೀತೆಂಬ ಅಳುಕು ನಿರಾಧಾರವಾಗಿರಲಿಲ್ಲ. ಒತ್ತೆಯ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳುವ ಉಪಾಯವನ್ನು ಸಾವಕಾರರು ಕಂಡುಕೊಂಡುದೂ ನಿಜ. ಆದರೆ ಪ್ರಯೋಗದ ಎಲ್ಲೆಯನ್ನು ನಿರ್ಧರಿಸಿದ್ದು ಋಣದ ಪ್ರಮಾಣವಾಗಲಿ ಕ್ಷಾಮದ ತೀವ್ರತೆಯಾಗಲಿ ಅಲ್ಲ. ಗಲಭೆ ನಡೆದ ಪ್ರದೇಶ ಮತ್ತು ಅದರ ನೆರೆ. ಸದ್ದು ಮಾಡದೆ ಸತ್ತ ಜಿಲ್ಲೆ ಆ ಎಲ್ಲೆಯ ಹೊರಗುಳಿಯಿತು. ಪರಿಹಾರ ಕಾಯಿದೆ ಪ್ರಾಂತದ ಇತರ ಜಿಲ್ಲೆಗಳಿಗೆ ವ್ಯಾಪಕವಾಗಿ ವಿಸ್ತರಿಸಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅಷ್ಟರಲ್ಲಿ 1899–1900ರ ಬರವೂ ಬಂದು ಹೋಗಿತ್ತು.

6. ಕನ್ನಡ ಅಧ್ಯಯನಕ್ಕೆ ಇದರ ಪ್ರಸ್ತುತತೆ

ಶಾಸನಸಭೆಯ ಇಂಗ್ಲಿಷ್ ಪದಗಳು ಹಳ್ಳಿಗೆ ಇಳಿದಾಗ ಬೇರೆ ವೇಷ ತಾಳಿದವು. ‘ಆಕ್ಯುಪಂಟ್’ ಎಂಬುದು ‘ಕಬ್ಜೇದಾರ’, ‘ಖಾತೇದಾರ’ ಎಂಬ ರೂಪಗಳಲ್ಲಿ ನೆಲೆಯೂರಿತು. 1964ರ ಕರ್ನಾಟಕ ಭೂಕಂದಾಯ ಕಾಯಿದೆ ಹಳೆಯ ಸಂಹಿತೆಯ ಸ್ಥಾನವನ್ನು ಪಡೆದ ಮೇಲೂ ಪಹಣಿಯ ಅಂಕಣದಲ್ಲಿ ‘ಕಬ್ಜೇದಾರ’ ಉಳಿದಿದ್ದಾನೆ. ‘ಉತಾರ’, ‘ಸಾರಾ’, ‘ತಗಾವಿ’ ಮೊದಲಾದ ಪದಗಳು ವಿಜಯಪುರ ಸೀಮೆಯ ಹಿರಿಯರ ಬಾಯಲ್ಲಿವೆ. ಆದರೆ ರಕ್ಷಣೆಯ ಕಾಯಿದೆಯ ‘ಅಗ್ರಿಕಲ್ಚರಿಸ್ಟ್’ ಎಂಬ ಪದಕ್ಕೆ ಸಮನಾದ, ಅಷ್ಟೇ ಗಟ್ಟಿಯಾದ ದಫ್ತರದ ಪದ ಇಲ್ಲಿಯ ಆಡುಮಾತಿನಲ್ಲಿ ಬೇರು ಬಿಡಲಿಲ್ಲ. ಕಾಯಿದೆಯೇ ತಡವಾಗಿ ಬಂದ ಸೀಮೆಯಲ್ಲಿ ಅದರ ಪದ ಬೇರೂರದಿದ್ದುದು ಸಹಜವೆಂದು ನನಗೆ ತೋರುತ್ತದೆ.

ಭೂಕಂದಾಯ ಸಂಹಿತೆಯಂತೆ ಔಪಚಾರಿಕ ವಿಚಾರಣೆಯ ಸಾಕ್ಷ್ಯವನ್ನು ಆಯಾ ಜಿಲ್ಲೆಯ ರೂಢಿಯ ಭಾಷೆಯಲ್ಲಿ ಬರೆದುಕೊಳ್ಳಬೇಕಿತ್ತು. ಕಲಾದಗಿ ಜಿಲ್ಲೆಯಲ್ಲಿ ಅದು ಕನ್ನಡ. ಎಂದರೆ, ಶಾಸನಸಭೆಯಲ್ಲಿ ಕೇಳಿಸದ ರೈತನ ಮಾತು ಕಚೇರಿಯ ಜಬಾನಿಯಲ್ಲಿ ಕನ್ನಡದಲ್ಲಿಯೇ ದಾಖಲಾಗುವ ಅವಕಾಶವಿತ್ತು. ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಪಠ್ಯಪುಸ್ತಕ, ಪತ್ರಿಕೆ, ಅನುವಾದಿತ ಕೃತಿಗಳ ಜೊತೆಗೆ ಈ ದಾಖಲೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಇಂಡಿ ಸೀಮೆ ಎಂದೊಡನೆ ಕನ್ನಡ ವಿದ್ವಾಂಸರ ನೆನಪಿಗೆ ಬರುವುದು ಹಲಸಂಗಿಯ ಗೆಳೆಯರು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಸಂಕಲನದಿಂದ ಮೊದಲುಗೊಂಡು ಅವರು ಸಂಗ್ರಹಿಸಿದ ಜನಪದ ಸಾಹಿತ್ಯವನ್ನು ನಾವು ಕಾವ್ಯವಾಗಿ ಓದಿದ್ದೇವೆ. ಆ ಹಾಡುಗಳನ್ನು ಹಾಡಿದ ಮನೆತನಗಳ ಪೆಟ್ಟಿಗೆಯಲ್ಲಿ ಇದ್ದಿರಬಹುದಾದ ಸಾಲಪತ್ರ, ಕ್ರಯಪತ್ರಗಳನ್ನು ಅಷ್ಟೇ ಶ್ರದ್ಧೆಯಿಂದ ಸಂಗ್ರಹಿಸುವ ಕೆಲಸ ಆಗಬೇಕಿದೆ. ಹಾಗೆ ಸಂಗ್ರಹಿಸುವಾಗ 1879ರ ಗೆರೆಯನ್ನು ಮರೆಯಬಾರದು. ಭೀಮೆಯ ಆಚೆಗಿನ ಕೃಷಿಕನ ಸಾಲಪತ್ರವನ್ನು ಗ್ರಾಮ ನೋಂದಣಿಯ ಹಿನ್ನೆಲೆಯಲ್ಲಿಯೂ ಈಚೆಗಿನ ಪತ್ರವನ್ನು ಅಂತಹ ಕಾವಲಿಲ್ಲದ ಬರಹವಾಗಿಯೂ ಓದಬೇಕಾಗುತ್ತದೆ. ಪತ್ರದ ಒಕ್ಕಣೆ, ಬರೆದವನ ಹೆಸರು, ಸಾಕ್ಷಿಗಳ ಸಂಖ್ಯೆ, ರುಜು ಅಥವಾ ಹೆಬ್ಬೆಟ್ಟು, ಇವುಗಳ ತೌಲನಿಕ ಅಧ್ಯಯನ ಕಾಯಿದೆ ಎಷ್ಟರಮಟ್ಟಿಗೆ ಬರವಣಿಗೆಯನ್ನು ಬದಲಿಸಿತೆಂಬುದನ್ನು ತೋರಿಸಬಲ್ಲದು.

7. ಸಮಾರೋಪ

ಒಟ್ಟಾರೆಯಾಗಿ, ಶಾಸನಸಭೆಯ ದೈನಂದಿನ ಕಲಾಪವನ್ನು ನೀರಸವೆಂದು ಬದಿಗಿರಿಸುವುದು ಸರಿಯಲ್ಲ. ವ್ಯಾಪ್ತಿ, ವ್ಯಾಖ್ಯೆಗಳ ಖಂಡಗಳು ಹೆಚ್ಚಿನ ಓದುಗರು ದಾಟಿಹೋಗುವ ಸಾಲುಗಳು. ಆದರೆ ಯಾರು ಒಳಗೆ, ಯಾರು ಹೊರಗೆ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ದಾನಶಾಸನದ ಚತುಸ್ಸೀಮೆಯಲ್ಲಿ ಹಳ್ಳ, ಹುಣಸೆಮರ, ನಟ್ಟಕಲ್ಲುಗಳನ್ನು ಗುರುತಿಸುವ ಕಣ್ಣು ಕನ್ನಡ ಸಂಶೋಧಕನಿಗೆ ಈಗಾಗಲೇ ಇದೆ. ಅದೇ ಕಣ್ಣಿನಿಂದ 1879ರ ಕಾಯಿದೆಯನ್ನು ಓದಿದಾಗ ಭೀಮಾ ನದಿ ಅಲ್ಲಿ ಹೆಸರಿಲ್ಲದೆಯೂ ಎಲ್ಲೆಯಾಗಿ ಹರಿಯುತ್ತಿರುವುದು ಕಾಣುತ್ತದೆ. ಮುಂಬಯಿ ಕರ್ನಾಟಕದ ಇತರ ಜಿಲ್ಲೆಗಳ ಕಾಯಿದೆ ಮತ್ತು ಕಾಗದಪತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಕೆಲಸಕ್ಕೆ ಕನ್ನಡ ವಿಭಾಗಗಳು ಮುಂದಾಗಬೇಕಾಗಿದೆ.