ಕೋವಿಯಿಲ್ಲದೆ ಕಡವೆಯ ಜಾಡಿನಲ್ಲಿ

ಹನೂರು, ಕೊಳ್ಳೇಗಾಲದ ಕಾಡಂಚಿನ ಹುಡುಗರು ಆಗಾಗ ಕೇಳುತ್ತಾರೆ: ‘ಅಣ್ಣಾ, ಜಿಂಕೆ ಬೇಟೆ ಕಲೀಬೇಕು, ಎಲ್ಲಿಂದ ಶುರು ಮಾಡೋದು?’ ಕೊಲ್ಲುವ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಭಯಾರಣ್ಯದೊಳಗೆ ಬೇಟೆಯಾಡಿದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು. ಆದರೆ ಹೆಜ್ಜೆ ಓದುವ, ಗಾಳಿ ನೋಡುವ, ಕೂಗು ಕೇಳಿ ತಿಳಿಯುವ ವಿದ್ಯೆಗೆ ಕೋವಿ ಬೇಕಿಲ್ಲ.

ನನಗೆ ಅದನ್ನು ಕಲಿಸಿದವರು ಬಿಳಿಗಿರಿರಂಗನ ಬೆಟ್ಟದ ಪೋಡೊಂದರ (ಹಾಡಿಯ) ಸೋಲಿಗ ಹಿರಿಯರು. ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ರಸ್ತೆ ಬದಿಯಲ್ಲಿ ನಿಂತು, ‘ಮೊದ್ಲು ಗಾಳಿ ನೋಡ್ಕೊ ಕೂಸು, ಜಿಂಕ ಆಮೇಲೆ’ ಎಂದಿದ್ದರು. ಚಿಟಿಕೆ ಮಣ್ಣು ಉದುರಿಸಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ಗಾಳಿ ನಮ್ಮ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿಗಿದ್ದರೆ ನಮ್ಮ ವಾಸನೆ ನಮಗಿಂತ ಮುಂಚೆ ಜಿಂಕೆಯನ್ನು ಮುಟ್ಟುತ್ತದೆ.

ಎರಡನೆಯದು ಮುಸುವ. ಮುಸುವದ ಹಿಂಡು ಮರದ ಮೇಲೆ ಮೇಯುವಾಗ ಉದುರುವ ಚಿಗುರು, ಕಾಯಿಗೆ ಚುಕ್ಕೆ ಜಿಂಕೆಗಳು ಬುಡದಲ್ಲಿ ಸೇರುತ್ತವೆ. ನೆಲ್ಲಿಕಾಯಿ ಉದುರುವ ಕಾಲದಲ್ಲಿ ಕಾಡುಕುರಿಯೂ ಬರುತ್ತದೆ. ಮೇಲಿನಿಂದ ಮುಸುವ ಕೆಮ್ಮಿ, ಕೆಳಗೆ ಜಿಂಕೆ ಕಾಲು ಅಪ್ಪಳಿಸಿ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರವಿದೆ ಎಂದೇ ತಿಳಿಯಿರಿ. ಆದರೆ ಚುಕ್ಕೆ ಜಿಂಕೆಯೊಂದೇ ಆದರೆ ಸುಮ್ಮನೆ ಬೆದರಿಯೂ ಕೂಗೀತು. ಕಡವೆ ‘ಢಾಂಕ್’ ಎಂದು ಬಿಡದೆ ಕೂಗಿದರೆ ಆ ಹಿರಿಯರು ಮಾತು ನಿಲ್ಲಿಸಿಬಿಡುತ್ತಿದ್ದರು. ಕಡವೆಯ ಕೂಗನ್ನು ನಾನೂ ಹೆಚ್ಚು ನಂಬುತ್ತೇನೆ.

ಈ ಅರಿವಿರುವ ಜನಕ್ಕೇ ಕಾಡು ದೂರವಾಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾದಾಗ ಅನೇಕ ಪೋಡುಗಳು ಎತ್ತಂಗಡಿಯಾದವು. 2011ರಲ್ಲಿ, ಹುಲಿ ಮೀಸಲು ಘೋಷಣೆಯಾದ ವರ್ಷವೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆ ಹಕ್ಕಿನಲ್ಲಿ ಜೇನು, ನೆಲ್ಲಿ ಉಂಟು, ಬೇಟೆ ಇಲ್ಲ. ಹೊಸಬರು ಮೊದಲು ಇವರ ಬಳಿ ಕೂತು ಕೇಳಬೇಕು. ಕೋವಿ ಹಿಡಿದವರೂ ಬದಲಾದದ್ದುಂಟು: ಹೊನ್ನಮೇಟಿಯ ಕಾಫಿ ತೋಟದ ಆರ್. ಸಿ. ಮೋರಿಸ್ ಹೆಸರಾಂತ ಬೇಟೆಗಾರರಾಗಿದ್ದವರು. ಅವರೂ ಮುಂದೆ ಕಾಡುಪ್ರಾಣಿಗಳ ಪರ ನಿಂತರು.

ಅನುಮತಿಯಿಲ್ಲದೆ ಕಾಡೊಳಗೆ ನಡೆಯಬೇಡಿ. ಜಿಂಕೆ ನೋಡಲು ಕ್ಯಾತದೇವರ ಗುಡಿಯ ಸಫಾರಿ ಇದೆ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲೂ ಬೆಳಗಿನ ಹೊತ್ತು ಜಿಂಕೆಗಳು ಕಾಣುತ್ತವೆ. ತಿನ್ನಲು ಏನೂ ಎಸೆಯಬೇಡಿ. ಬಿದ್ದ ಕೊಂಬನ್ನು ಮನೆಗೆ ತರಬೇಡಿ. ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಅದನ್ನು ಕಡಿಯುತ್ತದೆ.

ಕೊನೆಗೆ ಉರುಳಿನ ವಿಷಯ. ರಾಗಿ ಹೊಲದ ಅಂಚಿನಲ್ಲಿ ಬ್ರೇಕ್ ವೈರಿನ ಕುಣಿಕೆ ಒಡ್ಡುತ್ತಾರೆ. ಹಂದಿಗೆಂದು ಒಡ್ಡಿದ್ದಕ್ಕೆ ಜಿಂಕೆಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಎಳೆದಷ್ಟೂ ತಂತಿ ಬಿಗಿಯುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ. ಅದಕ್ಕೆ ಪರಿಹಾರ ಕೇಳಲು ಅರಣ್ಯ ಇಲಾಖೆಗೆ ಅರ್ಜಿ ಬರೆಯಬೇಕಾಗುತ್ತದೆ; ಓದು ಬರಹ ಬಲ್ಲ ಹುಡುಗರು ಅದನ್ನು ಬರೆದುಕೊಡಿ. ಉರುಳು ಕಂಡರೆ ಜಾಗ ಗುರುತಿಟ್ಟುಕೊಂಡು ಅಂದೇ ಗಾರ್ಡಿಗೆ ತಿಳಿಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಬೇಡಿ, ಜನ ಗುಂಪುಗೂಡಲು ಬಿಡಬೇಡಿ. ಬೆದರಿದ ಜಿಂಕೆ ಗಾಬರಿಯಿಂದಲೇ ಸಾಯಬಲ್ಲದು.