ಹೇಳಿಕೊಂಡದ್ದೆಲ್ಲ ಪಾಪನಿವೇದನೆಯೇ?

ಯಾದಗಿರಿ, ಶಹಾಪುರ ಕಡೆಯ ನಮ್ಮ ಓದುಗರಲ್ಲಿ ಅನೇಕರು ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲನ್ನು ನೋಡಿರುತ್ತೀರಿ. ಅಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ನಿಜಾಮರ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬರುವ ತನಕ, 1853ರವರೆಗೆ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳ ಬಗ್ಗೆ ಬರೆದವರೂ ಅವರೇ. ಸುರಪುರಕ್ಕೆ ಬರುವ ಮುಂಚೆಯೇ, 1839ರಲ್ಲಿ, ಅವರಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್'. ಕನ್ಫೆಷನ್ ಎಂದೊಡನೆ ಕಥೋಲಿಕರಾದ ನಮಗೆ ನೆನಪಾಗುವುದು ಪಾಪನಿವೇದನೆಯ ಸಂಸ್ಕಾರ. ಹಾಗಾದರೆ ಈ ಥಗ್ಗನದು ಎಂಥ ನಿವೇದನೆ?

ದಾರಿಹೋಕರ ಸ್ನೇಹ ಮಾಡಿ, ಅವರೊಡನೆ ಉಂಡು ನಕ್ಕು, ನಿರ್ಜನ ಸ್ಥಳದಲ್ಲಿ ವಸ್ತ್ರದಿಂದ ಕೊರಳು ಬಿಗಿದು ಹೂಳುವುದು ಥಗ್ಗರ ಕಸುಬು. ಅವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. (ಇದು ಆಂಗ್ಲ ಅಧಿಕಾರಿ ಕಂಡ ಭಾರತ ಎಂಬುದನ್ನು ಮರೆಯದೆ ಓದಬೇಕು.) ಸೆರೆಸಿಕ್ಕ ಅಮೀರ್ ಅಲಿ ಮಾಫಿ ಸಾಕ್ಷಿಯಾಗಿ ಸಾಹೇಬನ ಮುಂದೆ ಕುಳಿತು ತನ್ನ ಬದುಕನ್ನೆಲ್ಲ ಹೇಳುತ್ತಾನೆ. ಏನನ್ನೂ ಮುಚ್ಚಿಡುವುದಿಲ್ಲ. ಕೊಂದದ್ದು 719 ಮಂದಿ; ನಡುವೆ ಹನ್ನೆರಡು ವರ್ಷ ಸೆರೆಯಲ್ಲಿ ಕಳೆಯದಿದ್ದರೆ ಸಾವಿರ ಮುಟ್ಟುತ್ತಿತ್ತು ಎಂಬುದೇ ಅವನ ಕೊರಗು!

ಮಾರಕ ಪಾಪಗಳ ಬಗೆಯನ್ನೂ ಎಣಿಕೆಯನ್ನೂ ಗುರುಗಳಲ್ಲಿ ಹೇಳಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಆ ಲೆಕ್ಕದಲ್ಲಿ ಅಮೀರ್ ಅಲಿಯ ನಿವೇದನೆಗೆ ಏನೂ ಕೊರತೆಯಿಲ್ಲ. ಆದರೆ ಪಾಪಿಯು ಮಾಡಬೇಕಾದವುಗಳಲ್ಲಿ ಧರ್ಮಸಭೆ ಮೊದಲ ಸ್ಥಾನ ಕೊಡುವುದು ಪಶ್ಚಾತ್ತಾಪಕ್ಕೆ. ಅದು ಅವನಲ್ಲಿಲ್ಲ. ಅವನು ಬಾಯಿ ಬಿಟ್ಟದ್ದು ತನ್ನ ಕೊರಳನ್ನು ನೇಣಿನಿಂದ ಉಳಿಸಿಕೊಳ್ಳುವುದಕ್ಕೆ. ನಿಮ್ಮನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಓದುತ್ತಾ ಹೋದಂತೆ ಅವನ ಮಾತು, ಧೈರ್ಯ, ವಿನಯ ನಿಮಗೇ ಹಿಡಿಸತೊಡಗುತ್ತವೆ. ಕೊಲೆಯಾದವರೂ ಹೀಗೆಯೇ ಅವನನ್ನು ನಂಬಿದ್ದರಲ್ಲವೇ?

ಒಮ್ಮೆ ಮಾತ್ರ ಅವನ ಎದೆ ಒಡೆಯುತ್ತದೆ. ಹಿಂದೆ ತಾನು ಕೊಂದ ಹೆಂಗಸೊಬ್ಬಳು ತನ್ನ ಒಡಹುಟ್ಟಿದವಳೆಂದು ತಿಳಿದಾಗ! ಸಮುವೇಲನ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿ. ಪ್ರವಾದಿ ನಾಥಾನನು ಹೇಳಿದ ಬಡವನ ಕುರಿಮರಿಯ ಕಥೆ ಕೇಳಿ ದಾವೀದನು ಕೋಪಗೊಳ್ಳುತ್ತಾನೆ. ಆ ಅಪರಾಧಿ ತಾನೇ ಎಂದು ತಿಳಿದಾಗ, ತಾನು ಕೊಲ್ಲಿಸಿದ ಊರೀಯನು ತನಗೆ ಬಂಧುವಲ್ಲದಿದ್ದರೂ, ನೆಪ ಹೇಳದೆ ತಲೆಬಾಗುತ್ತಾನೆ. ಅಮೀರ್ ಅಲಿ ಅತ್ತದ್ದು ತನ್ನವಳಿಗಾಗಿ. ದಾವೀದನು ದುಃಖಿಸಿದ್ದು ದೇವರಿಗೆ ವಿರುದ್ಧವಾಗಿ ಪಾಪ ಮಾಡಿದೆನೆಂದು.

ಥಗ್ಗರನ್ನು ಕುರಿತು 1988ರಲ್ಲಿ 'ದಿ ಡಿಸೀವರ್ಸ್' ಎಂಬ ಚಲನಚಿತ್ರ ಬಂತು. ಅದರ ಮೂಲ ಟೇಲರರ ಪುಸ್ತಕವಲ್ಲ, ಜಾನ್ ಮಾಸ್ಟರ್ಸ್ 1952ರಲ್ಲಿ ಪ್ರಕಟಿಸಿದ ಕಾದಂಬರಿ. ನಿರ್ಮಾಪಕರು ಇಸ್ಮಾಯಿಲ್ ಮರ್ಚೆಂಟ್, ನಿರ್ದೇಶಕರು ನಿಕೋಲಸ್ ಮೇಯರ್. ಪಿಯರ್ಸ್ ಬ್ರಾಸ್ನನ್ ಜೊತೆಗೆ ನಮ್ಮ ಶಶಿ ಕಪೂರ್, ಸಯೀದ್ ಜಾಫ್ರಿ ನಟಿಸಿದ್ದಾರೆ. ಇಲ್ಲಿ ಆಂಗ್ಲ ಅಧಿಕಾರಿಯೇ ವೇಷ ಮರೆಸಿ ಥಗ್ಗರ ತಂಡ ಸೇರುತ್ತಾನೆ. ಹಿಡಿಯಲು ಹೋದವನು ಕೊಲೆಯ ಸೆಳೆತಕ್ಕೆ ಸಿಲುಕುತ್ತಾನೆ. ಪಾಪಕ್ಕೆ ಜಾತಿ ದೇಶಗಳಿಲ್ಲ ಎಂದು ತೋರಿಸಿದ್ದು ಒಳ್ಳೆಯದೇ. ಆದರೂ ಅವನಿಗೇನಾಗುವುದೋ ಎಂಬ ಕಳವಳದಲ್ಲಿ ಸತ್ತ ಪ್ರಯಾಣಿಕರನ್ನು ನಾವು ಮರೆತೇ ಬಿಡುತ್ತೇವೆ. ಕಾದಂಬರಿಯಾದರೋ ನಮ್ಮನ್ನು ಕೇಳುವವನ ಕುರ್ಚಿಯಲ್ಲಿ ಕೂರಿಸಿ, ಅವರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತದೆ.

ಚಿಕ್ಕ ಮಕ್ಕಳೊಡನೆ ನೋಡುವ ಚಿತ್ರ ಇದಲ್ಲ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಕಾದಂಬರಿಯನ್ನು ಅವರ ಕೈಗೆ ಕೊಡಿ. ಓದಿ ಮುಗಿಸಿದ ಮೇಲೆ ಜಪಸರ ಪ್ರಾರ್ಥನೆ ಮುಗಿದ ಒಂದು ರಾತ್ರಿ ಕೇಳಿ: ಒಡಹುಟ್ಟಿದವಳ ವಿಷಯ ತಿಳಿಯದೇ ಹೋಗಿದ್ದರೆ ಅಮೀರ್ ಅಲಿ ಅಳುತ್ತಿದ್ದನೇ? ಉಳಿದವರೆಲ್ಲ ಯಾರ ಒಡಹುಟ್ಟಿದವರು?